ಮಷೀನ್ ಹಗಲು ರಾತ್ರಿ ಓಡುತ್ತೆ, ಡಿಸ್ಪ್ಯಾಚ್ ಮಾತ್ರ ಲೇಟ್: ಲೀನ್ ಬಗ್ಗೆ ಕೇಳಿ

ಪ್ರಶ್ನೆ (ಪೀಣ್ಯದಿಂದ, ಮಷೀನ್ ಶಾಪ್ ಮಾಲೀಕರು):

ನಮಸ್ಕಾರ ಮೇಡಂ. ನಮ್ಮದು ಸಣ್ಣ ಶಾಪ್. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಒಂದು ವಿಎಂಸಿ (ಡ್ರಿಲ್ಲಿಂಗ್, ಮಿಲ್ಲಿಂಗ್ ಮಾಡುವ ಮಷೀನ್), ಕೊನೆಗೆ ಡಿಬರ್ರಿಂಗ್, ಅಂದರೆ ಅಂಚಿನ ಚೂಪು ತೆಗೆಯೋದು. ಎರಡು ಶಿಫ್ಟ್ ಸೇರಿ ದಿನಕ್ಕೆ 15 ಗಂಟೆ, ತಿಂಗಳಿಗೆ 25 ದಿನ. ಮುಖ್ಯ ಜಾಬ್ ಒಂದು ಫ್ಲ್ಯಾಂಜ್, ತಿಂಗಳಿಗೆ 4500 ಬೇಕು. ಮೊದಲ ಲೇತ್‌ನಲ್ಲಿ ಒಂದು ಕಡೆ 3 ನಿಮಿಷ, ಎರಡನೇ ಲೇತ್‌ನಲ್ಲಿ ಇನ್ನೊಂದು ಕಡೆ 3 ನಿಮಿಷ, ವಿಎಂಸಿಯಲ್ಲಿ 4, ಡಿಬರ್ರಿಂಗ್ 1. ಬೇರೆ ಚಿಲ್ಲರೆ ಜಾಬ್‌ಗಳಿಗೆ ವಿಎಂಸಿಯಲ್ಲಿ ತಿಂಗಳಿಗೆ ಸುಮಾರು 50 ಗಂಟೆ ಹೋಗುತ್ತೆ. ಒಂದು ಜಾಬ್‌ನಿಂದ ಇನ್ನೊಂದಕ್ಕೆ ವಿಎಂಸಿ ಸೆಟ್ಟಿಂಗ್ ಬದಲಿಸಲು ಎರಡೂವರೆ ಗಂಟೆ. ಅದಕ್ಕೇ 1000 ಪೀಸ್ ಬ್ಯಾಚ್ ಮಾಡ್ತೇವೆ.

ಮಷೀನ್ ಯಾವತ್ತೂ ಖಾಲಿ ನಿಲ್ಲಲ್ಲ. ಶಾಪ್ ತುಂಬ ಬಿನ್. ಆದರೂ ಪ್ರತಿ ತಿಂಗಳು ಡಿಸ್ಪ್ಯಾಚ್ ಲೇಟ್. ಕಸ್ಟಮರ್ ‘ಲೀನ್ ಮಾಡಿ’ ಅಂತಾರೆ. ನೆಲಕ್ಕೆ ಹಳದಿ ಗೆರೆ ಹಾಕಿಸಿದ್ದೇವೆ, ಗೋಡೆಗೆ ಚಾರ್ಟ್ ಅಂಟಿಸಿದ್ದೇವೆ. ಇನ್ನೊಂದು ವಿಎಂಸಿ ತಗೊಳ್ಳೋದೇ ದಾರಿಯಾ?

ಉತ್ತರ:

ನಮಸ್ಕಾರ ಸಾರ್. ಅಂಕಿಗಳನ್ನು ಬಿಡಿಸಿ ಬರೆದದ್ದು ತುಂಬಾ ಒಳ್ಳೆಯದಾಯಿತು. ಲೀನ್ ಅಂದರೆ ಕಾಯುವುದು, ಹುಡುಕುವುದು ಇಂಥ ವ್ಯರ್ಥವನ್ನು ತೆಗೆದು ಕೆಲಸ ನಿಲ್ಲದೆ ಸಾಗುವಂತೆ ಮಾಡುವ, ಟೊಯೋಟಾದಿಂದ ಬಂದ ಪದ್ಧತಿ. ಸಾಲಕ್ಕೆ ಸಹಿ ಹಾಕುವ ಮುಂಚೆ ಈ ಲೆಕ್ಕ ನೋಡಿ.

ಒಂದು ಫ್ಲ್ಯಾಂಜ್ ಮೇಲೆ ನಿಜವಾಗಿ ಆಗುವ ಕೆಲಸ 11 ನಿಮಿಷ. ನೀವು 1000 ಪೀಸನ್ನು ಒಂದು ಮಷೀನ್‌ನಲ್ಲಿ ಮುಗಿಸಿ, ಆಮೇಲೆ ಮುಂದಿನದಕ್ಕೆ ಕಳಿಸ್ತೀರಿ. ಮೊದಲ ಲೇತ್‌ನಲ್ಲಿ 50 ಗಂಟೆ, ಎರಡನೆಯದರಲ್ಲಿ 50, ವಿಎಂಸಿಯಲ್ಲಿ ಸುಮಾರು 67, ಡಿಬರ್ರಿಂಗ್‌ನಲ್ಲಿ ಸುಮಾರು 17. ಒಟ್ಟು 183 ಗಂಟೆ, ಅಂದರೆ 12 ದಿನಕ್ಕೂ ಜಾಸ್ತಿ. 11 ನಿಮಿಷದ ಕೆಲಸಕ್ಕೆ 12 ದಿನ! ಉಳಿದಷ್ಟೂ ಹೊತ್ತು ಆ ಪೀಸ್ ಬಿನ್‌ನಲ್ಲಿ ತನ್ನ ಸರದಿಗೆ ಕಾಯ್ತಾ ಕೂತಿರುತ್ತೆ. ನಿಮ್ಮ ಶಾಪ್ ತುಂಬ ಇರುವ ಬಿನ್‌ಗಳು ಇವೇ.

ಈಗ ಸೆಟ್ಟಿಂಗ್ ಮುಟ್ಟಬೇಡಿ, ಬ್ಯಾಚ್ ಸೈಜ್ 1000 ಇರಲಿ. ಒಂದನ್ನು ಮಾತ್ರ ಬದಲಿಸಿ. 50 ಪೀಸ್ ಆದ ತಕ್ಷಣ ಆ ಟ್ರೇ ಮುಂದಿನ ಮಷೀನ್‌ಗೆ ಹೋಗಲಿ. ಆಗ ಒಟ್ಟು ಸಮಯವನ್ನು ತೀರ್ಮಾನಿಸುವುದು ಎಲ್ಲಕ್ಕಿಂತ ನಿಧಾನದ ಮಷೀನ್, ಅಂದರೆ ವಿಎಂಸಿ. ಅದರ 4000 ನಿಮಿಷಕ್ಕೆ ಮೊದಲ ಟ್ರೇ ಎರಡು ಲೇತ್ ದಾಟುವ 300 ನಿಮಿಷ, ಕೊನೆಯ ಟ್ರೇ ಡಿಬರ್ರಿಂಗ್‌ನ 50 ನಿಮಿಷ ಸೇರಿಸಿ. ಎಲ್ಲ ಸೇರಿ 72 ಗಂಟೆ ಚಿಲ್ಲರೆ. ಐದು ದಿನಕ್ಕೂ ಸ್ವಲ್ಪ ಕಡಿಮೆ. ಹೊಸ ಮಷೀನ್ ಬೇಡ, ಹೊಸ ಜನ ಬೇಡ. ಟ್ರೇ ಬೇಕು, ಟ್ರೇ ಸಾಗಿಸುವ ಹೆಲ್ಪರ್‌ಗೆ ಹೇಳಬೇಕು, ಅಷ್ಟೇ.

ಇದರಿಂದ ಇನ್ನೊಂದು ಲಾಭ ಇದೆ. ನನಗೆ ಅದೇ ದೊಡ್ಡದು ಅನ್ಸುತ್ತೆ. ಲೇತ್‌ನಲ್ಲಿ ಇನ್ಸರ್ಟ್ (ಕತ್ತರಿಸುವ ತುದಿ) ಸವೆದು ಬೋರ್ (ನಡುವಿನ ತೂತು) ಸೈಜ್ ಹೋಗಿದೆ ಅಂದುಕೊಳ್ಳಿ. ಈಗಿನ ರೀತಿಯಲ್ಲಿ ಅದು ವಿಎಂಸಿಯಲ್ಲಿ ಪೀಸ್ ಹಿಡಿಯುವ ಫಿಕ್ಸ್ಚರ್‌ನಲ್ಲಿ ಕೂರದೇ ಹೋದಾಗ ಗೊತ್ತಾಗುತ್ತೆ. ಅಷ್ಟರಲ್ಲಿ ನೂರಾರು ಪೀಸ್ ಹಾಳಾಗಿರಬಹುದು. ಟ್ರೇ ಲೆಕ್ಕದಲ್ಲಿ ಕಳಿಸಿದರೆ ತಪ್ಪು ಒಂದೆರಡು ಟ್ರೇಯಲ್ಲೇ ಸಿಕ್ಕಿಬೀಳುತ್ತೆ. ಟೊಯೋಟಾ ಸಮೂಹದ ಮೂಲಪುರುಷ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ತಿಗೊಳಿಸಿದ ಮಗ್ಗ ನೂಲು ಕಡಿದರೆ ತಾನೇ ನಿಲ್ಲುತ್ತಿತ್ತು. ತಪ್ಪನ್ನು ಹುಟ್ಟಿದ ಜಾಗದಲ್ಲೇ ಹಿಡಿಯಬೇಕು ಅನ್ನುವ ಟೊಯೋಟಾ ಪದ್ಧತಿಗೆ ಬೇರು ಅಲ್ಲಿದೆ.

ಈಗ ನಿಮ್ಮ ವಿಎಂಸಿಗೆ ಬರೋಣ. ತಿಂಗಳಿಗೆ 375 ಗಂಟೆ ಸಿಗುತ್ತೆ. ಫ್ಲ್ಯಾಂಜ್‌ಗೆ 300, ಚಿಲ್ಲರೆ ಜಾಬ್‌ಗೆ 50. ಉಳಿದದ್ದು 25 ಗಂಟೆ. ಎರಡೂವರೆ ಗಂಟೆಯ ಲೆಕ್ಕದಲ್ಲಿ ಹತ್ತು ಸೆಟ್ಟಿಂಗ್‌ಗೆ ಅದು ಮುಗಿದೇ ಹೋಯಿತು. ಒಂದು ದಿನ ಸ್ಪಿಂಡಲ್ ಕೈಕೊಟ್ಟರೆ, ಒಂದು ಬಿನ್ ರೀವರ್ಕ್‌ಗೆ ಬಂದರೆ ಲೇಟ್ ಆಗಲೇಬೇಕು. ನೀವು ಲೇಟ್ ಆಗುತ್ತಿರುವುದು ಯಾರೋ ಸೋಮಾರಿಗಳಾಗಿ ಅಲ್ಲ. ಈ ತಿಂಗಳ ಪ್ಲಾನ್‌ನಲ್ಲಿ ಉಸಿರಾಡೋಕೆ ಜಾಗವೇ ಇಲ್ಲ.

ಎರಡು ಕೆಲಸ ಮಾಡಿ. ಮೊದಲನೆಯದು ಸುಲಭ: ಊಟದ ಹೊತ್ತಿನಲ್ಲಿ ವಿಎಂಸಿ ನಿಲ್ಲಬಾರದು. ಆಪರೇಟರ್‌ನ ಊಟ ತಪ್ಪಿಸಬೇಡಿ. ಲೇತ್‌ನವರಲ್ಲಿ ಒಬ್ಬರಿಗೆ ವಿಎಂಸಿ ಲೋಡಿಂಗ್ ಕಲಿಸಿ, ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಹೋಗಲಿ. ಶಿಫ್ಟ್‌ಗೆ ಅರ್ಧ ಗಂಟೆ ಅಂದರೆ ತಿಂಗಳಿಗೆ 25 ಗಂಟೆ ಸಿಕ್ಕಿತು. ಸೆಟ್ಟಿಂಗ್‌ಗೆ ಇದ್ದಷ್ಟೇ ಸಮಯ ಇನ್ನೊಂದು ಸಲ ಬಂದ ಹಾಗೆ.

ಎರಡನೆಯದು ಸೆಟ್ಟಿಂಗ್. ಇದಕ್ಕೆ ದಾರಿ ಹಾಕಿದವರು ಶಿಗೆಯೊ ಶಿಂಗೊ ಎಂಬ ಜಪಾನಿ ಎಂಜಿನಿಯರ್. 1950ರಲ್ಲಿ ಹಿರೋಶಿಮಾದ ಟೊಯೊ ಕೋಗ್ಯೊ ಕಾರ್ಖಾನೆಯಲ್ಲಿ (ಇವತ್ತಿನ ಮಾಜ್ದಾ) ಪ್ರೆಸ್ ಡೈ (ಅಚ್ಚು) ಬದಲಿಸುವುದನ್ನು ಅವರು ನಿಂತು ನೋಡಿದರು. ಒಂದು ಬೋಲ್ಟ್ ಸಿಗದೆ ಕೆಲಸಗಾರ ಒಂದು ಗಂಟೆಗೂ ಜಾಸ್ತಿ ಅಲೆದ. ಕೊನೆಗೆ ಪಕ್ಕದ ಪ್ರೆಸ್‌ನ ಬೋಲ್ಟ್ ತಂದು ಕತ್ತರಿಸಿ ಹಾಕಿದ. ಮಷೀನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಯಾವುದು ಅಂತ ಬೇರೆ ಮಾಡುವ ಯೋಚನೆ ಅವರಿಗೆ ಬಂದದ್ದು ಆಗ. 1969ರಲ್ಲಿ ಟೊಯೋಟಾದ 1000 ಟನ್ ಪ್ರೆಸ್‌ನ ಡೈ ಬದಲಾವಣೆ ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಬಂತು.

ನಿಮಗೆ ಮೂರು ನಿಮಿಷ ಬೇಡ, 50 ನಿಮಿಷ ಸಾಕು. ಮುಂದಿನ ಸೆಟ್ಟಿಂಗ್ ಅನ್ನು ಶುರುವಿನಿಂದ ಮೊದಲ ಪೀಸ್ ಓಕೆ ಆಗುವವರೆಗೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಸೆಟ್ಟರ್‌ಗೆ ಮೊದಲೇ ಹೇಳಿ, ಅವರ ಒಪ್ಪಿಗೆ ಇರಲಿ. ನಾನು ಕಂಡ ಶಾಪ್‌ಗಳಲ್ಲಿ ಸಮಯ ಹೋಗೋದು ಹೆಚ್ಚುಕಡಿಮೆ ಇವೇ ಕಡೆಗಳಲ್ಲಿ. ಅಲೆನ್ ಕೀ ಹುಡುಕೋದು. ಫಿಕ್ಸ್ಚರ್ ರ‍್ಯಾಕ್‌ನ ತಳದಲ್ಲಿ ಇರೋದು. ಮಷೀನ್ ನಿಲ್ಲಿಸಿಟ್ಟು ಟೂಲ್ ಹೋಲ್ಡರ್‌ಗೆ ಹಾಕೋದು. ಮೊದಲ ಪೀಸ್ ಹಿಡಿದು ಇನ್ಸ್‌ಪೆಕ್ಷನ್‌ನವರಿಗೆ ಕಾಯೋದು. ಟೂಲ್‌ಗಳನ್ನು ಹಿಂದಿನ ಜಾಬ್ ಓಡುತ್ತಿರುವಾಗಲೇ ಹೋಲ್ಡರ್‌ಗೆ ಕಟ್ಟಿ ಉದ್ದ ಅಳೆದಿಡಿ. ಒಂದು ಟ್ರಾಲಿಯಲ್ಲಿ ಆ ಜಾಬ್‌ನ ಫಿಕ್ಸ್ಚರ್, ಬೋಲ್ಟ್, ಕೀ, ಗೇಜ್, ಡ್ರಾಯಿಂಗ್ ಎಲ್ಲ ಇರಲಿ. ಫಿಕ್ಸ್ಚರ್ ಕೂರುವ ಜಾಗಕ್ಕೆ ಲೊಕೇಟಿಂಗ್ ಪಿನ್ ಹಾಕಿದರೆ ಪ್ರತಿ ಸಲ ಡಯಲ್ ಗೇಜ್ ಹಿಡಿದು ಜಾಗ ಸರಿಹೊಂದಿಸುವ ಕೆಲಸ ತಪ್ಪುತ್ತೆ.

50 ನಿಮಿಷಕ್ಕೆ ಬಂದರೆ ಅದೇ 25 ಗಂಟೆಯಲ್ಲಿ ಮೂವತ್ತು ಸೆಟ್ಟಿಂಗ್ ಆಗುತ್ತೆ. ಆಗ ಬ್ಯಾಚನ್ನು 400ಕ್ಕೆ ಇಳಿಸಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಉಳಿದ ಸಮಯಕ್ಕೆ ಇನ್ನಷ್ಟು ಪೀಸ್ ತುಂಬುತ್ತಾರೆ, ಬಿನ್ ಮತ್ತೆ ಬೆಳೆಯುತ್ತೆ. ಬೇಡ. ಆ ಸಮಯ ಸಣ್ಣ ಬ್ಯಾಚ್‌ಗೆ ಹೋಗಲಿ, ಊಟದ ಹೊತ್ತಿನಿಂದ ಬಂದ 25 ಗಂಟೆ ಬ್ರೇಕ್‌ಡೌನ್‌ಗೆ ಮೀಸಲಿರಲಿ.

ಹಳದಿ ಗೆರೆ ಇರಲಿ, ತೊಂದರೆ ಇಲ್ಲ. ಆದರೆ ಅದರಿಂದ ಒಂದು ಪೀಸೂ ಬೇಗ ಹೊರಗೆ ಹೋಗಲ್ಲ.

ಮರುಪ್ರಶ್ನೆ (ಅದೇ ಮಾಲೀಕರು):

ಲೇತ್ 3 ನಿಮಿಷ, ವಿಎಂಸಿ 4 ನಿಮಿಷ. ಲೇತ್ ಮುಂದೆ ಓಡಿ ಟ್ರೇ ರಾಶಿ ಬೀಳುತ್ತಲ್ಲ? ಲೇತ್ ನಿಲ್ಲಿಸಿದರೆ ಇಎಂಐ ಯಾರು ಕಟ್ತಾರೆ?

ಉತ್ತರ:

ಒಳ್ಳೆಯ ಪ್ರಶ್ನೆ. ಎಲ್ಲ ಮಾಲೀಕರ ಮನಸ್ಸಿನಲ್ಲೂ ಇರೋದು ಇದೇ.

ಇಎಂಐ ಕಟ್ಟೋದು ಡಿಸ್ಪ್ಯಾಚ್ ಆದ ಪೀಸ್, ಬಿನ್‌ನಲ್ಲಿ ಇರುವ ಪೀಸ್ ಅಲ್ಲ. ಲೇತ್‌ಗಳಿಗೆ ಫ್ಲ್ಯಾಂಜ್ ಕೆಲಸ ತಲಾ 225 ಗಂಟೆ ಮಾತ್ರ. ವಿಎಂಸಿ ತಿನ್ನುವುದಕ್ಕಿಂತ ಜಾಸ್ತಿ ಲೇತ್ ಓಡಿದರೆ ಹೊರಗೆ ಹೋಗುವ ಪೀಸ್ ಒಂದೂ ಹೆಚ್ಚಲ್ಲ. ಸ್ಟೀಲ್‌ಗೆ ಕೊಟ್ಟ ದುಡ್ಡು, ಇನ್ಸರ್ಟ್, ಕರೆಂಟ್ ಎಲ್ಲ ನೆಲದ ಮೇಲೆ ಬಿದ್ದಿರುತ್ತೆ.

ವಿಎಂಸಿ ಮುಂದೆ ಮೂರು ಟ್ರೇ ಇಡುವಷ್ಟೇ ಜಾಗ ಗುರುತು ಮಾಡಿ. (ಹಳದಿ ಗೆರೆ ನಿಜವಾಗಿ ಬೇಕಾದ ಜಾಗ ಇದು.) ಮೂರೂ ತುಂಬಿದ್ದರೆ ಲೇತ್ ನಿಲ್ಲಬೇಕು. ಒಂದು ಖಾಲಿ ಟ್ರೇ ವಾಪಸ್ ಬಂದರೆ ಅದೇ ಆರ್ಡರ್. ಕಾನ್‌ಬಾನ್ ಅಂದರೆ ಇಷ್ಟೇ. ತೈಚಿ ಓನೊ ಎಂಬ ಎಂಜಿನಿಯರ್ ಇದನ್ನು ಟೊಯೋಟಾದಲ್ಲಿ ಬೆಳೆಸಿದಾಗ ಅಮೆರಿಕದ ಸೂಪರ್‌ಮಾರ್ಕೆಟ್ ಅವರ ಮನಸ್ಸಿನಲ್ಲಿತ್ತು: ಗಿರಾಕಿ ತೆಗೆದುಕೊಂಡಷ್ಟನ್ನೇ ಕಪಾಟಿಗೆ ಮತ್ತೆ ತುಂಬುವುದು. ಲೇತ್ ನಿಂತಾಗ ಆಪರೇಟರ್ ಮುಂದಿನ ಜಾಬ್‌ನ ಟೂಲ್ ಕಟ್ಟಲಿ, ಡಿಬರ್ರಿಂಗ್‌ಗೆ ಕೈ ಹಾಕಲಿ, ಮಷೀನ್‌ಗೆ ಎಣ್ಣೆ ನೋಡಲಿ. ಲೇತ್‌ಗೆ ಮಾತ್ರ ಇರುವ ಜಾಬ್ ವರ್ಕ್ ಸಿಕ್ಕರೆ ಇನ್ನೂ ಒಳ್ಳೆಯದು. ಈಗ ನಿಮ್ಮ ಹತ್ತಿರ ಮಾರೋಕೆ ಲೇತ್ ಗಂಟೆಗಳಿವೆ ಅನ್ನೋದು ಗೊತ್ತಾಯಿತಲ್ಲ.

ಪ್ರಶ್ನೆ (ಆಪರೇಟರ್, ಬೊಮ್ಮಸಂದ್ರ):

ಮೇಡಂ, ನಮ್ಮ ಕಂಪನಿಯಲ್ಲಿ ಲೀನ್ ಅಂತ ಬಂದು ಸ್ಟಾಪ್‌ವಾಚ್ ಹಿಡಿದರು. ಆಮೇಲೆ ಮೂರು ಜನರ ಕೆಲಸ ಇಬ್ಬರಿಗೆ ಬಂತು. ಇದು ಜನ ಕಡಿಮೆ ಮಾಡುವ ಉಪಾಯವೇ ಅಲ್ವಾ?

ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ಹಾಗೆ ಬಳಸುವವರು ಇದ್ದಾರೆ. ಅದನ್ನು ನಾನು ಲೀನ್ ಅಂತ ಒಪ್ಪಲ್ಲ, ಆದರೆ ಹೆಸರು ಮಾತ್ರ ಅದೇ ಇರುತ್ತೆ.

ಟೊಯೋಟಾ ಕಥೆಯಲ್ಲೂ ಈ ಪಾಠ ಕಹಿಯಾಗಿಯೇ ಬಂದದ್ದು. 1950ರಲ್ಲಿ ದುಡ್ಡಿನ ಮುಗ್ಗಟ್ಟು ಬಂದು ಜನರನ್ನು ಕಳಿಸಬೇಕಾಯಿತು. ದೊಡ್ಡ ಮುಷ್ಕರ ಆಯಿತು. ಕಂಪನಿ ಕಟ್ಟಿದ ಕಿಯಿಚಿರೊ ಟೊಯೋಡಾ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಕೆಲಸಗಾರರ ಸಂಘ ಮತ್ತು ಆಡಳಿತ ಪರಸ್ಪರ ನಂಬಿಕೆಯ ಜಂಟಿ ಘೋಷಣೆಗೆ ಬಂದದ್ದು 1962ರಲ್ಲಿ. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲೂ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕೌಟ್ ಆಗಿದ್ದವು. ಕೆಲಸದ ಹೊರೆ ಆಗ ಸಂಘದ ದೂರುಗಳಲ್ಲಿ ಒಂದಾಗಿತ್ತು. ಅಂದರೆ ಪದ್ಧತಿ ಹುಟ್ಟಿಸಿದವರ ಮನೆಯಲ್ಲೂ ಈ ಪ್ರಶ್ನೆ ಮುಗಿದಿಲ್ಲ.

ಹಾಗಾಗಿ ಮಾಲೀಕರಿಗೆ ನಾನು ಮೊದಲ ದಿನವೇ ಕೇಳುವುದು ಒಂದು ಮಾತು: ಸುಧಾರಣೆಯಿಂದ ಯಾರ ಕೆಲಸವೂ ಹೋಗಲ್ಲ ಅಂತ ಎಲ್ಲರ ಮುಂದೆ ಹೇಳ್ತೀರಾ? ಹೇಳದಿದ್ದರೆ ಯಾವ ಸೆಟ್ಟರ್ ತಾನೇ ತನ್ನ ಜಾಣತನ ಬಿಟ್ಟುಕೊಡ್ತಾನೆ? ಹತ್ತು ವರ್ಷ ಆ ಮಷೀನ್ ಮುಂದೆ ನಿಂತವರಿಗೆ ಎಲ್ಲಿ ಸಮಯ ಹಾಳಾಗ್ತಿದೆ ಅಂತ ಗೊತ್ತಿರುತ್ತೆ, ಹೊರಗಿನಿಂದ ಬಂದ ನನಗಲ್ಲ. ತೆಗೆಯಬೇಕಾದದ್ದು ನಡೆದಾಟ, ಬಗ್ಗಿ ಎತ್ತುವುದು, ಹುಡುಕಾಟ. ಅದನ್ನು ತೆಗೆಯದೇ ವೇಗ ಕೇಳಿದರೆ ಅದು ಬರೀ ಒತ್ತಡ. ನಿಮ್ಮಲ್ಲಿ ಹಾಗಾಗಿದ್ದರೆ, ಯಾವ ಕೆಲಸಕ್ಕೆ ಎಷ್ಟು ಸೆಕೆಂಡ್ ಹಾಕಿದ್ದಾರೆ, ಬಾತ್‌ರೂಮ್‌ಗೆ ಹೋಗುವ ಸಮಯ ಸೇರಿದೆಯಾ ಅಂತ ಲೆಕ್ಕ ತೋರಿಸಲು ಕೇಳಿ. ಒಬ್ಬರೇ ಕೇಳಬೇಡಿ, ಜೊತೆಯವರೊಂದಿಗೆ ಕೇಳಿ.

ಪ್ರಶ್ನೆ (ಬೆಳಗಾವಿ, ಫೌಂಡ್ರಿ ಸೂಪರ್‌ವೈಸರ್):

ಮೇಡಂ, ಇದೆಲ್ಲ ಮಷೀನ್ ಶಾಪ್‌ಗೆ ಸರಿ ಐತ್ರಿ. ನಮ್ಮದು ಫೌಂಡ್ರಿ. 500 ಕೆಜಿ ಫರ್ನೇಸ್. ಒಂದೊಂದು ಪೀಸ್ ಕರಗಿಸಾಕ್ ಆಗಂಗಿಲ್ಲಲ್ರಿ?

ಉತ್ತರ:

ಆಗಲ್ಲ ಸರ್, ಆಗಬೇಕಾಗಿಯೂ ಇಲ್ಲ. ನಿಮ್ಮ ಬ್ಯಾಚ್ ಒಂದು ಹೀಟ್, ಅಂದರೆ ಫರ್ನೇಸ್ ಒಂದು ಸಲಕ್ಕೆ ಕರಗಿಸುವಷ್ಟು ಲೋಹ. ಆದರೆ ಒಂದೇ ಗ್ರೇಡ್ ಇದ್ದರೆ ಒಂದು ಹೀಟ್‌ನಲ್ಲಿ ಮೂರು ನಾಲ್ಕು ಪ್ಯಾಟರ್ನ್‌ನ (ಪೀಸ್‌ನ ಮಾದರಿ) ಮೋಲ್ಡ್ ತುಂಬಬಹುದಲ್ಲ? ಇಡೀ ದಿನ ಒಂದೇ ಪ್ಯಾಟರ್ನ್ ಓಡಿಸುವುದು ಅಭ್ಯಾಸ ಅಷ್ಟೇ. ಫರ್ನೇಸ್‌ಗೆ ಅದರಿಂದ ಏನೂ ಆಗಬೇಕಿಲ್ಲ.

ನಿಮ್ಮಲ್ಲಿ ನೋಡಬೇಕಾದದ್ದು ಎರಡು ಜಾಗ. ಒಂದು, ಕರಗಿದ ಕಬ್ಬಿಣ ಮೋಲ್ಡ್‌ಗಾಗಿ ಕಾಯುವ ಹೊತ್ತು. ಆ ಪ್ರತಿ ನಿಮಿಷಕ್ಕೂ ಕರೆಂಟ್ ಬಿಲ್ ಏರುತ್ತೆ, ಲೋಹದ ಗುಣವೂ ಕೆಡುತ್ತೆ. ಮೋಲ್ಡ್ ರೆಡಿ ಆಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಚಾರ್ಜಿಂಗ್ (ಫರ್ನೇಸ್‌ಗೆ ಲೋಹ ಹಾಕೋದು) ಶುರು ಮಾಡಿ.

ಎರಡು, ಫೆಟ್ಲಿಂಗ್ (ಎರಕದ ಪೀಸ್ ಕ್ಲೀನ್ ಮಾಡಿ ಹೆಚ್ಚುವರಿ ಲೋಹ ತೆಗೆಯೋದು) ಮುಂದಿನ ರಾಶಿ. ಬ್ಲೋ ಹೋಲ್ (ಗಾಳಿಯಿಂದಾದ ತೂತು), ಮರಳು ಸೇರಿದ್ದು, ಇವೆಲ್ಲ ಗೊತ್ತಾಗೋದು ಫೆಟ್ಲಿಂಗ್‌ನಲ್ಲಿ ಅಥವಾ ಕಸ್ಟಮರ್ ಮಷೀನಿಂಗ್ ಮಾಡುವಾಗ. ಎರಕ ಹೊಯ್ದು ಎರಡು ವಾರ ಆದ ಮೇಲೆ ಗೊತ್ತಾದರೆ ಅವತ್ತಿನ ಮರಳಿನ ತೇವ ಎಷ್ಟಿತ್ತು ಅಂತ ಯಾರಿಗೆ ನೆನಪಿರುತ್ತೆ? ಪ್ರತಿ ಕಾಸ್ಟಿಂಗ್‌ಗೆ ಹೀಟ್ ನಂಬರ್ ಬರಲಿ. ಪ್ರತಿ ಹೀಟ್‌ನಿಂದ ಕೆಲವು ಪೀಸ್ ಮರುದಿನವೇ ಕ್ಲೀನ್ ಆಗಿ ಕತ್ತರಿಸಿ ನೋಡುವಂತಾಗಲಿ. ಆಗ ಆ ಶಿಫ್ಟ್‌ನ ಮರಳಿನ ರೀಡಿಂಗ್ ಕೈಯಲ್ಲೇ ಇರುತ್ತೆ, ಕಾರಣ ಸಿಗುತ್ತೆ. ಫೆಟ್ಲಿಂಗ್ ದಿನಕ್ಕೆ ಎಷ್ಟು ಮುಗಿಸುತ್ತೋ ಅದಕ್ಕಿಂತ ಜಾಸ್ತಿ ಹೊಯ್ಯಬೇಡಿ. ರಿಜೆಕ್ಷನ್ ಕಡಿಮೆ ಆಗಬೇಕಾದರೆ ಇದೇ ಮೊದಲ ಹೆಜ್ಜೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಪ್ರಶ್ನೆ (ಹುಬ್ಬಳ್ಳಿ):

5ಎಸ್ (ಶಾಪ್ ಚೊಕ್ಕಟ ಇಟ್ಟು ಪ್ರತಿ ವಸ್ತುವಿಗೂ ಜಾಗ ಮಾಡೋದು) ಮಾಡಿದ್ವಿ. ಆಡಿಟ್ ಮುಗಿದ ವಾರಕ್ಕೇ ಮೊದಲಿನ ಹಾಗೇ ಆಯಿತು. ಏನು ಮಾಡೋದು?

ಉತ್ತರ:

ಇಡೀ ಶಾಪ್‌ಗೆ ಮಾಡಬೇಡಿ. ಎಲ್ಲಕ್ಕಿಂತ ನಿಧಾನದ ಒಂದು ಮಷೀನ್ ಸುತ್ತ ಮಾತ್ರ ಮಾಡಿ. ಅಲ್ಲಿ ಟೂಲ್‌ಗೆ ಜಾಗ ಇದ್ದರೆ ಸೆಟ್ಟರ್‌ಗೇ ಅರ್ಧ ಗಂಟೆ ಉಳಿಯುತ್ತೆ, ಹಾಗಾಗಿ ಅವರೇ ಅದನ್ನು ಕಾಪಾಡ್ತಾರೆ. ಆಡಿಟ್‌ಗೆ ಅಂತ ಮಾಡಿದ್ದು ಆಡಿಟ್ ಜೊತೆಗೇ ಹೋಗುತ್ತೆ.

ಪ್ರಶ್ನೆ (ತುಮಕೂರು):

ಕನ್ಸಲ್ಟೆಂಟ್ ಫೀಸ್ ನಮ್ಮಂಥವರಿಗೆ ಆಗುತ್ತಾ ಮೇಡಂ? ಸರ್ಕಾರದ ಸ್ಕೀಮ್ ಇದೆ ಅಂತಾರೆ.

ಉತ್ತರ:

ಇದೆ. ಕೇಂದ್ರದ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಸಚಿವಾಲಯ 2023ರ ಮಾರ್ಚ್‌ನಲ್ಲಿ ಕಾಂಪಿಟಿಟಿವ್ ಲೀನ್ ಸ್ಕೀಮ್ ಅನ್ನು ಹೊಸ ರೂಪದಲ್ಲಿ ಶುರು ಮಾಡಿತು. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಮೂರು ಹಂತ. ಮೇಲಿನ ಎರಡು ಹಂತಗಳಲ್ಲಿ ಕನ್ಸಲ್ಟೆಂಟ್ ಖರ್ಚಿನ ಶೇಕಡ 90ರಷ್ಟು ಸರ್ಕಾರ ಕೊಡುವ ವ್ಯವಸ್ಥೆ. ಮಹಿಳೆಯರ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಘಟಕಗಳಿಗೆ ಇನ್ನೂ ಶೇಕಡ 5 ಜಾಸ್ತಿ. ಉದ್ಯಮ್ ನೋಂದಣಿ ಇರಲೇಬೇಕು. ಅರ್ಜಿ ಹಾಕುವ ಮುಂಚೆ ಸ್ಕೀಮ್‌ನ ಪೋರ್ಟಲ್‌ನಲ್ಲಿ ಈಗಿನ ನಿಯಮ ಓದಿಕೊಳ್ಳಿ.

ಆದರೆ ಅದಕ್ಕಾಗಿ ಕಾಯ್ತಾ ಕೂರಬೇಡಿ. ಟ್ರೇಗೂ ಮೊಬೈಲ್ ವಿಡಿಯೋಗೂ ಯಾರ ಮಂಜೂರಾತಿಯೂ ಬೇಡ. ಪೀಣ್ಯದ ಸಾರ್, ವಿಡಿಯೋ ನೋಡಿ ಬರೆದ ನಿಮಿಷದ ಪಟ್ಟಿ ಇಲ್ಲಿ ಹಾಕಿ. ಸೆಟ್ಟರ್‌ನ ಜೊತೆ ಕೂತು ಬರೆದದ್ದಾಗಿರಲಿ. ಯಾವುದನ್ನು ಮಷೀನ್ ಓಡುವಾಗಲೇ ಮಾಡಬಹುದು ಅಂತ ಒಂದೊಂದು ಸಾಲೂ ಒಟ್ಟಿಗೆ ನೋಡೋಣ.