ಅಪ್‌ಡೇಟ್: ಅಪ್ಪನಿಗೆ ಬಂದಿದ್ದು ಸ್ಕ್ರಬ್ ಟೈಫಸ್

ಆಸ್ಪತ್ರೆಗೆ ಸೇರಿಸಿದ ಅಪ್ಪನಿಗೆ ಜ್ವರ ಬಿಡುತ್ತಿಲ್ಲ, ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿದೆ, ಡೆಂಗಿ ನೆಗೆಟಿವ್, ಮತ್ತೇನಿರಬಹುದು ಎಂದು ಕೇಳಿದ್ದೆ. ಮಲೇರಿಯಾ, ಇಲಿಜ್ವರ ನೋಡಿಸಿ ಎಂದವರಿಗೆ ಕೃತಜ್ಞತೆಗಳು. ನೋಡಿದರು, ಎರಡೂ ಇರಲಿಲ್ಲ. ಊರು ಮಲೆನಾಡಿನಲ್ಲಿರುವುದರಿಂದ ಮಂಗನ ಕಾಯಿಲೆಗೂ ರಕ್ತ ಕಳಿಸಿದ್ದರು; ಅದೂ ಅಲ್ಲ.

ಕೊನೆಗೆ ಪಾಳಿ ಬದಲಾಗಿ ಬಂದ ವೈದ್ಯೆಯೊಬ್ಬರು ಅಪ್ಪನನ್ನು ಮಗ್ಗುಲಾಗಿಸಿ, ಪಂಚೆ ಕಟ್ಟುವ ಜಾಗವನ್ನೂ ಬಿಡದೆ ಮೈಯೆಲ್ಲ ನೋಡಿದರು. ಸೊಂಟದ ಮಡಿಕೆಯಲ್ಲಿ ಬೀಡಿಯ ಕಿಡಿ ತಾಗಿದಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಅದು ಅಲ್ಲಿರುವುದು ಅಪ್ಪನಿಗೇ ಗೊತ್ತಿರಲಿಲ್ಲ. ಸ್ಕ್ರಬ್ ಟೈಫಸ್ ಜ್ವರ ಹರಡುವ, ಹುಲ್ಲು, ಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿದ ಗುರುತಂತೆ. ಎಲ್ಲರಲ್ಲೂ ಇದು ಕಾಣುವುದಿಲ್ಲ ಎಂದೂ ಹೇಳಿದರು.

ಈ ಜ್ವರ ಪತ್ತೆಹಚ್ಚುವ ಐಜಿಎಂ ರಕ್ತ ಪರೀಕ್ಷೆಯ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಶುರುಮಾಡಿದರು. 48 ಗಂಟೆಯೊಳಗೆ ಜ್ವರ ಇಳಿಯಿತು. ವರದಿ ಆಮೇಲೆ ಬಂತು, ಪಾಸಿಟಿವ್. ರಕ್ತಸ್ರಾವ ಇಲ್ಲದ್ದರಿಂದ ಪ್ಲೇಟ್‌ಲೆಟ್ ಕೊಡಲಿಲ್ಲ, ತಾನಾಗಿಯೇ 1.4 ಲಕ್ಷಕ್ಕೆ ಏರಿದೆ. ಪಪ್ಪಾಯಿ ಎಲೆಯ ರಸ ಹಿಡಿದು ಬಂದಿದ್ದ ನೆಂಟರು ಆ ಕೀರ್ತಿಯನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದಾರೆ, ಇರಲಿ.

ನಾಳೆ ಮನೆಗೆ ಕಳಿಸುತ್ತಾರೆ. ಮಾತ್ರೆಯ ಕೋರ್ಸ್ ಮುಗಿಸಿ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು.