ಪದಚರ್ಚೆ: ಸಂಶೋಧನೆಗೆಂದೇ ಹಾಕಿದ ಜಾಲ 'ಮೀಸಲು ಜಾಲ'ವೇ, 'ಮುಡಿಪು ಜಾಲ'ವೇ?

ಗೆಳೆಯರೇ,

ಮುಂಬಯಿಯ ಕನ್ನಡ ಮಾಸಿಕವೊಂದಕ್ಕೆ ವಿಜ್ಞಾನ ಲೇಖನಗಳ ಸರಣಿ ಬರೆಯುತ್ತಿದ್ದೇನೆ. ಈ ಸಲದ ವಿಷಯ, ವಿಶ್ವವಿದ್ಯಾಲಯ ಮತ್ತು ಸಂಶೋಧನಾಲಯಗಳನ್ನು ಬೆಸೆಯಲೆಂದೇ ಹಾಕಿದ ದೊಡ್ಡ ಸಾಮರ್ಥ್ಯದ ಕಂಪ್ಯೂಟರ್ ಜಾಲಗಳು. ನಮ್ಮಲ್ಲಿ ಮೊದಲು ಬಂದ ಅರ್ನೆಟ್, ಈಗಿನ ಎನ್‌ಕೆಎನ್ (ರಾಷ್ಟ್ರೀಯ ಜ್ಞಾನ ಜಾಲ), ಅಮೆರಿಕದ ಇಂಟರ್ನೆಟ್2, ಯುರೋಪಿನ ಜಿಯಾಂಟ್, ಬ್ರಿಟನ್ನಿನ ಜಾನೆಟ್, ಎಲ್ಲವೂ ಈ ಜಾತಿಯವೇ. ಈ ಹೆಸರುಗಳು ಇದ್ದಂತೆಯೇ ಇರಲಿ. ಇಡೀ ಜಾತಿಯನ್ನು ಒಟ್ಟಾಗಿ ಕರೆಯಲು ಮಾತ್ರ ಒಂದು ಕನ್ನಡದ ಮಾತು ಬೇಕಾಗಿದೆ. ಲೇಖನದಲ್ಲಿ ಅದು ಹತ್ತಿಪ್ಪತ್ತು ಸಲ ಬರುತ್ತದೆ, ಪ್ರತಿ ಸಲವೂ 'ಸಂಶೋಧನೆ ಮತ್ತು ಶಿಕ್ಷಣಕ್ಕೆಂದೇ ಇರುವ ಜಾಲ' ಎಂದು ಬರೆದರೆ ಓದುವವರಿಗೆ ಉಸಿರು ಕಟ್ಟುತ್ತದೆ.

ಸಂಪಾದಕ ಬಳಗದಲ್ಲಿ ಮೂರು ಸಲಹೆಗಳು ಬಂದಿವೆ: ಮೀಸಲು ಜಾಲ, ಪ್ರತ್ಯೇಕ ಜಾಲ, ಸಮರ್ಪಿತ ಜಾಲ. ನನ್ನ ಒಲವು ನಾಲ್ಕನೆಯದರ ಕಡೆಗಿದೆ, 'ಮುಡಿಪು ಜಾಲ'. ಏಕೆಂದು ಹೇಳುತ್ತೇನೆ, ನೀವು ತೂಗಿ ನೋಡಿ.

ಹೆಚ್ಚು ಮತ ಬಿದ್ದಿರುವುದು 'ಮೀಸಲು' ಪದಕ್ಕೆ. ಅಚ್ಚಗನ್ನಡದ ಮಾತು, ಹಳಗನ್ನಡದ 'ಮೀಸಲ್' ಕಾಲದಿಂದಲೂ ದೇವರಿಗೆಂದು ಮುಟ್ಟದೆ ತೆಗೆದಿಟ್ಟದ್ದು ಎಂಬ ಅರ್ಥ ಅದಕ್ಕಿದೆ. ಆದರೆ ಇವತ್ತಿನ ಓದುಗರ ಕಿವಿಗೆ ಅದು ಹೇಗೆ ಬೀಳುತ್ತದೆ? ಮೀಸಲಾತಿ, ಮೀಸಲು ಕ್ಷೇತ್ರ. ಮುಂಬಯಿಯವರಿಗಂತೂ ಲೋಕಲ್ ರೈಲಿನ ಡಬ್ಬಿಯ ಮೇಲೆ ದಿನಾ ಕಣ್ಣಿಗೆ ಬೀಳುವ 'ಮಹಿಲಾಂಸಾಠಿ ರಾಖೀವ' ಎಂಬ ಬರೆಹದ ಅರ್ಥವೇ ಮೊದಲು ಹೊಳೆಯುತ್ತದೆ. ಮಾಟುಂಗದ ಹಿರಿಯ ಓದುಗರೊಬ್ಬರಿಗೆ ಬರೀ ಶೀರ್ಷಿಕೆ ತೋರಿಸಿದಾಗ, ಕಾಲೇಜು ಸೀಟುಗಳ ವಿಚಾರವೇ ಎಂದು ಕೇಳಿದರು. ಇನ್ನೊಂದು ಕಡೆ ಮೀಸಲು ಪಡೆ, ಮೀಸಲು ನಿಧಿ, ವಿದೇಶಿ ವಿನಿಮಯ ಮೀಸಲು ಇವೆ. ಇವೆಲ್ಲ ಹೊತ್ತು ಬಂದಾಗ ತೆಗೆಯಲೆಂದು ಕೈಯಲ್ಲಿಟ್ಟುಕೊಂಡವು. ಸಂಶೋಧನೆಯ ಜಾಲ ಹಾಗಲ್ಲ. ಅದು ಹಗಲಿರುಳು ದುಡಿಯುವಂಥದು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಮೀಸಲು ಎಂದೊಡನೆ, ಎಲ್ಲರದಾದ ಒಂದು ವಸ್ತು ಮೊದಲೇ ಇತ್ತು, ಅದರಲ್ಲಿ ಒಂದು ಪಾಲನ್ನು ಕೆಲವರಿಗೆಂದು ಬದಿಗಿಟ್ಟರು ಎಂಬ ಚಿತ್ರ ಮೂಡುತ್ತದೆ. ಇಲ್ಲಿ ನಡೆದದ್ದು ಇದಕ್ಕೆ ತೀರಾ ಉಲ್ಟಾ. ಅರ್ನೆಟ್ ಶುರುವಾದದ್ದು 1986ರಲ್ಲಿ, ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಯೋಜನೆಯಾಗಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ. ಮೊದಲ ಎಂಟು ಪಾಲುದಾರರೆಂದರೆ ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ದೆಹಲಿಯಲ್ಲಿದ್ದ ಆ ಇಲಾಖೆ, ಮತ್ತು ನಮ್ಮ ಜುಹೂವಿನ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ. ದೇಶದ ಇಮೇಲ್ ಹೊರದೇಶಕ್ಕೆ ದಾಟಲು ದಾರಿಯಾದದ್ದು ಇದೇ ಜುಹೂವಿನ ಸಂಸ್ಥೆ. ಅದನ್ನು ಆಗ ಮುನ್ನಡೆಸುತ್ತಿದ್ದವರು ಶ್ರೀನಿವಾಸನ್ ರಮಣಿ, 2014ರಲ್ಲಿ ಇಂಟರ್ನೆಟ್ ಹಾಲ್ ಆಫ್ ಫೇಮ್‌ಗೆ ಸೇರಿದವರು. ಸಾರ್ವಜನಿಕರಿಗೆ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಅಂದರೆ ವಿದ್ವಾಂಸರ ಜಾಲ ಮೊದಲು, ಊರಿನವರ ಜಾಲ ಆಮೇಲೆ. ಅಮೆರಿಕದಲ್ಲೂ ಹೀಗೇ ಆಯಿತು: ವಿಶ್ವವಿದ್ಯಾಲಯಗಳಿಗೆಂದು ಹಾಕಿದ ಎನ್‌ಎಸ್‌ಎಫ್‌ನೆಟ್ ಜಾಲದ ಬೆನ್ನೆಲುಬು, ಅಂದರೆ ಅದರ ನಡುವಿನ ಮುಖ್ಯ ಹಾದಿ, ಎಂಬತ್ತರ ದಶಕದಲ್ಲಿ ಸೆಕೆಂಡಿಗೆ 56 ಕಿಲೋಬಿಟ್‌ನಿಂದ ಶುರುವಾಗಿ 1995ರಲ್ಲಿ ನಿಂತಿತು. ವಾಣಿಜ್ಯ ಇಂಟರ್ನೆಟ್ ತಲೆ ಎತ್ತಿದ್ದು ಅದು ಹದಮಾಡಿಕೊಟ್ಟ ನೆಲದ ಮೇಲೆ. ಮರುವರ್ಷವೇ ವಿಶ್ವವಿದ್ಯಾಲಯಗಳು ಮತ್ತೆ ಕೂಡಿ ಇಂಟರ್ನೆಟ್2 ಕಟ್ಟಿಕೊಂಡವು. ಇಷ್ಟೆಲ್ಲ ಇತಿಹಾಸ ಇರುವಾಗ, ಎಲ್ಲರ ಇಂಟರ್ನೆಟ್ಟಿನಲ್ಲಿ ವಿಜ್ಞಾನಿಗಳು ಒಂದು ಮೂಲೆ ಹಿಡಿದಿಟ್ಟುಕೊಂಡರು ಎಂಬ ಭಾವ ಕೊಡುವ ಪದ ನನಗೆ ಒಪ್ಪಿಗೆಯಿಲ್ಲ.

'ಪ್ರತ್ಯೇಕ ಜಾಲ' ಎನ್ನುವುದು ಇನ್ನೊಂದು ದಿಕ್ಕಿನಲ್ಲಿ ತಪ್ಪುತ್ತದೆ. ಪ್ರತ್ಯೇಕ ಎಂದರೆ ಕಡಿದುಕೊಂಡದ್ದು. ಕೊಲಾಬಾದ ವಿಜ್ಞಾನ ಸಂಶೋಧನಾಲಯ ಟಿಐಎಫ್‌ಆರ್‌ನಲ್ಲಿ, ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಪ್ರಯೋಗಕ್ಕೆ ಎರಡನೇ ಹಂತದ ಗಣನಾಕೇಂದ್ರವಿದೆ. ಜಿನೀವಾದ ಬಳಿ ಕಣಗಳು ಡಿಕ್ಕಿ ಹೊಡೆದ ದತ್ತಾಂಶದ ಒಂದು ಪಾಲು ಅರಬ್ಬೀ ಸಮುದ್ರದ ದಂಡೆಗೆ ಬಂದು ಇಳಿಯುತ್ತದೆ. ಆ ಜಾಲದ ಜೀವಾಳವೇ ಹೊರಗಿನೊಂದಿಗಿನ ಕೊಂಡಿ.

'ಸಮರ್ಪಿತ' ನನ್ನ ಕಿವಿಗೆ ಹಿಂದಿ ಸುತ್ತೋಲೆಯಂತೆ ಕೇಳುತ್ತದೆ. ಅಷ್ಟೇ.

ಇನ್ನು 'ಮುಡಿಪು'. ತಿರುಪತಿಯ ಹರಕೆಗೆಂದು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿಡುವ ಮುಡಿಪು ಎಲ್ಲರಿಗೂ ಗೊತ್ತು. ಬಾಳನ್ನೇ ಕನ್ನಡಕ್ಕೆ ಮುಡಿಪಾಗಿಟ್ಟರು ಎಂದೂ ಸಲೀಸಾಗಿ ಬರೆಯುತ್ತೇವೆ. ಯಾರಿಗೆ, ಯಾವುದಕ್ಕೆ ಎಂಬುದು ಈ ಪದದ ಒಳಗೇ ಇದೆ. ಯಾರಿಂದ ಕಿತ್ತದ್ದು ಎಂಬ ಪ್ರಶ್ನೆ ಏಳುವುದಿಲ್ಲ. 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 5,990 ಕೋಟಿ ರೂಪಾಯಿ ಅಂದಾಜಿನಲ್ಲಿ ಎನ್‌ಕೆಎನ್‌ಗೆ ಒಪ್ಪಿಗೆ ಕೊಟ್ಟಾಗ ಮಾಡಿದ್ದು ಇದನ್ನೇ ಅಲ್ಲವೇ, ಒಂದು ಉದ್ದೇಶಕ್ಕೆ ಮುಡಿಪು ಕಟ್ಟಿದ್ದು? ಪುಣೆಯ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮುಂದೆ ನಿಂತು ಗರುಡ ಗ್ರಿಡ್ ಎಂದು 17 ನಗರಗಳ 45 ಸಂಸ್ಥೆಗಳ ಗಣಕಗಳನ್ನು ಹೆಣೆದದ್ದೂ ಹಾಗೆಯೇ. ವಾಕ್ಯದಲ್ಲಿಟ್ಟು ನೋಡಿದೆ: 'ಪುಣೆಯ ಖಗೋಳ ಸಂಸ್ಥೆಗಳು ದೇಶದ ಮುಡಿಪು ಜಾಲದಲ್ಲಿವೆ.' ಮೊದಲ ಸಲ ತುಸು ಹೊಸದೆನಿಸುತ್ತದೆ. 'ಸಂಶೋಧನೆಗೆ ಮುಡಿಪಾದ ಜಾಲ' ಎಂದು ಒಮ್ಮೆ ಬಿಡಿಸಿ ಹೇಳಿ, ಆಮೇಲೆ 'ಮುಡಿಪು ಜಾಲ' ಎಂದರೆ ಯಾರೂ ಎಡವಲಾರರು. ಭಕ್ತಿಯ ವಾಸನೆ ಹೆಚ್ಚಾಯಿತು ಎಂದು ಬಳಗದ ಒಬ್ಬರು ಹೇಳಿದ್ದಾರೆ. 'ಮೀಸಲು' ಕೂಡ ದೇವರ ಮನೆಯಿಂದಲೇ ಹೊರಟ ಪದ ಎಂಬುದು ಅವರಿಗೆ ನನ್ನ ಉತ್ತರ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ ಇದೆ. ಇಂಥ ಜಾಲಗಳನ್ನು ಎಲ್ಲರೂ 'ಅತಿವೇಗದ ಜಾಲ' ಎನ್ನುತ್ತಾರೆ, ಪತ್ರಿಕೆಗಳೂ ಹಾಗೇ ಬರೆಯುತ್ತವೆ. ವೇಗ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ನಿಮ್ಮ ಮನೆಯ ಫೈಬರ್‌ನಲ್ಲೂ ಅಷ್ಟೇ, ಎನ್‌ಕೆಎನ್‌ನಲ್ಲೂ ಅಷ್ಟೇ. ಒಂದು ಬಿಟ್ ಕೊಲಾಬಾದಿಂದ ಜಿನೀವಾ ತಲಪುವ ಹೊತ್ತನ್ನು ದೂರ ತೀರ್ಮಾನಿಸುತ್ತದೆ, ದುಡ್ಡಲ್ಲ. ಬೇರೆಯಾಗುವುದು ಒಂದೇ ಸೆಕೆಂಡಿನಲ್ಲಿ ಎಷ್ಟು ಬಿಟ್‌ಗಳು ಒಟ್ಟಿಗೆ ಹೊರಡುತ್ತವೆ ಎಂಬುದು. 1 ಟೆರಾಬೈಟ್ ದತ್ತಾಂಶ ಎಂದರೆ 8 ಲಕ್ಷ ಕೋಟಿ ಬಿಟ್. ಸೆಕೆಂಡಿಗೆ 100 ಮೆಗಾಬಿಟ್‌ನ ಸಂಪರ್ಕ ಪೂರ್ತಿ ಸಿಕ್ಕರೂ ಅದನ್ನು ಸಾಗಿಸಲು 22 ಗಂಟೆ ಮೀರುತ್ತದೆ. 10 ಗಿಗಾಬಿಟ್ ಆದರೆ 13 ನಿಮಿಷ ಚಿಲ್ಲರೆ. ಕಪ್ಪುಕುಳಿಯ ಮೊದಲ ಚಿತ್ರ 2019ರ ಏಪ್ರಿಲ್‌ನಲ್ಲಿ ಹೊರಬಂತಲ್ಲ, ಅದಕ್ಕಾಗಿ ದೂರದರ್ಶಕಗಳು ಕಲೆಹಾಕಿದ ದತ್ತಾಂಶ ಎಷ್ಟಿತ್ತೆಂದರೆ ಹಾರ್ಡ್ ಡಿಸ್ಕುಗಳನ್ನು ವಿಮಾನದಲ್ಲೇ ಸಾಗಿಸಬೇಕಾಯಿತು. ವಿಮಾನ ಬೆಳಕಿನ ಮುಂದೆ ಆಮೆಯಾದರೂ ಹೊರುವ ಹೊರೆ ದೊಡ್ಡದು.

ಹಾಗಾಗಿ 'ಬ್ಯಾಂಡ್‌ವಿಡ್ತ್'ಗೆ ನಾನು 'ಹರವು' ಎಂದು ಬಳಸುತ್ತಿದ್ದೇನೆ. 'ಅತಿವೇಗದ' ಬದಲು 'ದೊಡ್ಡ ಹರವಿನ ಜಾಲ'. ನದಿಯ ಹರವು, ಕೆರೆಯ ಹರವು ಎಂದು ಬಯಲುಸೀಮೆಯಲ್ಲಿ ಇಂದಿಗೂ ಹೇಳುವುದನ್ನು ಕೇಳಿದ್ದೇನೆ. 'ಪಟ್ಟಿಯಗಲ' ಎಂಬ ರೂಪವನ್ನು ಒಬ್ಬರು ಮುಂದಿಟ್ಟರು, ಅದು ಸೀರೆಯ ಅಂಚಿಗೆ ಹೊಂದೀತು, ಇಲ್ಲಿಗೆ ಹೊಂದದು.

ಬಲ್ಲವರು ನಿಜಕ್ಕೂ ಏನೆನ್ನುತ್ತಾರೆ ಎಂದು ತಿಳಿಯಲು ಪುಣೆಯಲ್ಲಿ ಜಾಲ ನಿರ್ವಹಣೆಯ ಕೆಲಸದಲ್ಲಿರುವ ಧಾರವಾಡದ ಗೆಳೆಯನನ್ನು ಕೇಳಿದೆ. ಅವನ ಬಾಯಲ್ಲಿ ಎಲ್ಲವೂ 'ಲೈನ್', 'ಲಿಂಕ್', 'ಪೈಪ್'. ದೊಡ್ಡ ಜಾಲ ಕ್ಯಾಂಪಸ್ಸಿನ ಒಳಗೆ ಬರುವ ಕೊನೆಯ ಹಂತದ ತೊಡಕಿನ ಬಗ್ಗೆ ಅವನು ಹೇಳಿದ್ದನ್ನು ಹಾಗೇ ಇಳಿಸುತ್ತೇನೆ: 'ಪೈಪ್ ದೊಡ್ಡದೈತಿ, ನಳಾ ಸಣ್ಣದೈತಿ.' ಬೆನ್ನೆಲುಬು 10 ಗಿಗಾಬಿಟ್‌ನದೇ ಇರಲಿ, ಕ್ಯಾಂಪಸ್ಸಿನ ಗಣಕಗಳನ್ನು ಜೋಡಿಸುವ ಹಳೆಯ ಸ್ವಿಚ್ಚೋ, ಬರುವ ದತ್ತಾಂಶದ ಪ್ರತಿ ತುಣುಕನ್ನೂ (ಪೊಟ್ಟಣವನ್ನೂ) ತಡೆದು ತಪಾಸಣೆ ಮಾಡುವ ಫೈರ್‌ವಾಲೋ ಹರಿವನ್ನು ಹಿಂಡಿಬಿಡುತ್ತದೆ. ದೂರದ ದಾರಿಯಲ್ಲಿ ಸಾವಿರಾರು ಪೊಟ್ಟಣಗಳಲ್ಲಿ ಒಂದು ಕಳೆದುಹೋದರೂ ಸಾಕು, ಕಳಿಸುವ ಗಣಕ ಹೆದರಿ ತನ್ನ ಓಟ ತಗ್ಗಿಸುತ್ತದೆ, ಮತ್ತೆ ಚೇತರಿಸಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಪ್ರಯೋಗಾಲಯದ ದತ್ತಾಂಶಕ್ಕೆ ಕ್ಯಾಂಪಸ್ಸಿನ ಅಂಚಿನಲ್ಲೇ ಬೇರೆ ದಾರಿ ಬಿಡುವ ಪದ್ಧತಿ ಹುಟ್ಟಿದ್ದು ಇದಕ್ಕಾಗಿಯೇ. ಈ 'ನಳ'ವನ್ನು ಲೇಖನದಲ್ಲಿ ಇಟ್ಟುಕೊಳ್ಳುವ ಆಸೆ ಇದೆ. ಮಂಗಳೂರು ಕಡೆಯ ಮುಂಬಯಿಗರಿಗೆ 'ನಳ್ಳಿ' ಎಂದರೇ ತಿಳಿಯುವುದೋ ಏನೋ.

'ಜಾಲ' ಪದದ ಬಗ್ಗೆಯೂ ಒಂದು ಮಾತು. ಪತ್ರಿಕೆಗಳಲ್ಲಿ ದಿನಬೆಳಗಾದರೆ ವಂಚನೆ ಜಾಲ, ಮಾದಕವಸ್ತು ಜಾಲ. ಆ ಕಾರಣಕ್ಕೆ 'ಸಂಪರ್ಕಜಾಲ' ಎಂದು ಹಿಗ್ಗಿಸಬೇಕು ಎಂಬ ವಾದವಿದೆ. 'ಅಂತರ್ಜಾಲ', 'ಜಾಲತಾಣ' ಊರೂರಿಗೆ ಹಬ್ಬಿದ ಮೇಲೆ ಆ ಅಂಜಿಕೆ ಬೇಡ ಎನಿಸುತ್ತದೆ. 'ಬೆನ್ನೆಲುಬು' ಹೇಗೂ ನಿಂತಾಗಿದೆ. ಜಾಲದ ಎಳೆಗಳು ಕೂಡುವ ಜಾಗಕ್ಕೆ 'ನೋಡ್' ಇದ್ದಂತೆ ಇರಲಿ. ಬಲೆಗೆ 'ಗಂಟು' ಸಹಜವೇ, ಆದರೆ 'ಮುಂಬಯಿಯ ಗಂಟು ಕೆಟ್ಟಿದೆ' ಎಂದು ಬರೆದರೆ ಯಾರಿಗೂ ಅರ್ಥವಾಗದು.

ನಿಮ್ಮಿಂದ ಬೇಕಾದದ್ದು ಇಷ್ಟು. ಧಾರವಾಡ, ಬೆಳಗಾವಿ ಕಡೆಯ ಮಾತಿನಲ್ಲಿ 'ಮುಡಿಪು' ಹರಕೆಯಾಚೆಗೂ ಬಳಕೆಯಲ್ಲಿದೆಯೇ? ಕರಾವಳಿಯವರಿಗೆ 'ಮುಡಿಪು ಜಾಲ' ಎಂದೊಡನೆ ಏನು ತೋಚುತ್ತದೆ? 'ಹರವು' ಪದವನ್ನು ಈ ಅರ್ಥದಲ್ಲಿ ಅಚ್ಚಿನಲ್ಲಿ ಯಾರಾದರೂ ಕಂಡಿದ್ದರೆ ಎಲ್ಲಿ ಎಂದು ತಿಳಿಸಿ. 'ಮೀಸಲು' ಪದವೇ ಸರಿ ಎನ್ನುವವರು ನಾನು ಮೇಲೆ ಹೇಳಿದ 1986, 1995ರ ಲೆಕ್ಕಕ್ಕೆ ಏನೆನ್ನುತ್ತೀರಿ ಎಂಬುದನ್ನೂ ಸೇರಿಸಿ ಬರೆಯಿರಿ. ತಿಂಗಳ ಕೊನೆಗೆ ಪುಟ ಕಟ್ಟುತ್ತಾರೆ, ಅದಕ್ಕೂ ಮೊದಲು ಉತ್ತರ ಸಿಕ್ಕರೆ ಕರಡು ತಿದ್ದಲು ಸಮಯ ಉಳಿಯುತ್ತದೆ.