ಅಪ್‌ಡೇಟ್: ಅಜ್ಜಿಯ ತಂಬೂರಿ ಮತ್ತೆ ನುಡಿಯಿತು

ಧಾರವಾಡದ ಅಜ್ಜಿಯ ತಂಬೂರಿ ನನಗೆ ಬಂದಿದೆ, ಅದರ ಸೋರೆ ಬುರುಡೆ ಸೀಳಿದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ? ಪುಣೆಯಲ್ಲಿ ಒಬ್ಬರು ಬುರುಡೆಯನ್ನೇ ಬದಲಿಸಬೇಕು ಅಂದರು. ಮನಸ್ಸು ಒಪ್ಪಲಿಲ್ಲ. ನೀವೆಲ್ಲ ಹೇಳಿದ ಹಾಗೆ ಮಹಾರಾಷ್ಟ್ರದ ಮೀರಜಿಗೇ ಒಯ್ದೆ. ತಂಬೂರಿ, ಸಿತಾರಿಗೆ ಹೆಸರಾದ ಊರು, 2024ರಲ್ಲಿ ಅಲ್ಲಿನ ಈ ವಾದ್ಯಗಳಿಗೆ ಜಿಐ ಟ್ಯಾಗ್ (ಆ ಊರಿನದೇ ಅನ್ನುವ ಅಧಿಕೃತ ಗುರುತು) ಕೂಡ ಸಿಕ್ಕಿದೆ. ರೈಲಿನಲ್ಲಿ ಮಗುವಿನ ಹಾಗೆ ತಬ್ಬಿಕೊಂಡೇ ಕೂತಿದ್ದೆ.

ಅಲ್ಲಿ ವಾದ್ಯ ರಿಪೇರಿ ಮಾಡುವ ಹಿರಿಯರು ಬುರುಡೆ ತಟ್ಟಿ ನೋಡಿದರು. ಗಟ್ಟಿ ಇದೆ, ಸೀಳು ಕೂಡಿಸಿದರೆ ಸಾಕು ಅಂದರು. ತಂತಿಗಳು ಕೂರುವ ಕುದುರೆಯನ್ನು (ಬ್ರಿಜ್) ಉಜ್ಜಿ ಜವಾರಿ, ಅಂದರೆ ತಂತಿಯ ಝೇಂಕಾರ, ಸರಿಮಾಡಿದರು. ನಾಲ್ಕೂ ತಂತಿ ಹೊಸದು. ಆಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನು ಮೆಲ್ಲಗೆ ಸರಿಸುತ್ತಾ ಬಂದರು. ಒಂದು ಜಾಗದಲ್ಲಿ ದನಿ ಒಮ್ಮೆಲೇ ಅರಳಿತು. ಅಜ್ಜಿ ಮುಂಜಾನೆ ಹಾಡುವಾಗ ಕೇಳುತ್ತಿದ್ದ ಅದೇ ದನಿ! ಅಲ್ಲೇ ಅತ್ತುಬಿಟ್ಟೆ.

ಈಗ ದಿನಾ ಆರಕ್ಕೆ ಅದರ ಜೊತೆಗೇ ರಿಯಾಜ್ (ಸಂಗೀತಾಭ್ಯಾಸ). ಮೊಬೈಲಿನ ತಂಬೂರಿ ಆಪ್ ತೆಗೆದುಹಾಕಿದೆ.